ಮಿದುಳಿನಿಂದಲೇ ಆಡುವ ವಿಡಿಯೋ ಗೇಮ್‌ಗಳು: ಮಿದುಳಿನ ಮೇಲೆ ಪರಿಣಾಮವೇನು?

ಪ್ರಶ್ನೆ (ಹೊಸಿಲು):
ಹಣೆಗೆ ಪಟ್ಟಿ ಕಟ್ಟಿಕೊಂಡು, ಕೈಯಿಂದ ಏನನ್ನೂ ಮುಟ್ಟದೆ ಪರದೆಯ ಮೇಲಿನ ಕಾರನ್ನು ಓಡಿಸುವ ಆಟವೊಂದನ್ನು ಮಗಳು ಕೇಳುತ್ತಿದ್ದಾಳೆ. ಏಕಾಗ್ರತೆ ಹೆಚ್ಚುತ್ತದೆ ಎಂದು ಜಾಹೀರಾತು ಹೇಳುತ್ತದೆ. ಇಂಥ ಆಟಗಳಿಂದ ಮಿದುಳಿನಲ್ಲಿ ನಿಜಕ್ಕೂ ಏನಾದರೂ ಬದಲಾಗುತ್ತದೆಯೇ? ಬದಲಾದರೆ ಅದು ಆಟದಾಚೆಗೂ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ (ಕಡಲತಡಿ):
ಬದಲಾಗುವುದು ನಿಜ, ಆದರೆ ಅದು ಸೈಕಲ್ ಕಲಿಯುವಾಗ ಆಗುವ ಬದಲಾವಣೆಯ ಜಾತಿಗೇ ಸೇರಿದ್ದು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಪಸ್ಮಾರದ ಚಿಕಿತ್ಸೆಗೆಂದು ಮಿದುಳಿನ ಮೇಲ್ಮೈಯಲ್ಲಿ ಎಲೆಕ್ಟ್ರೋಡ್‌ಗಳನ್ನು (ಮಿದುಳಿನ ವಿದ್ಯುತ್ ಸಂಕೇತ ಹಿಡಿಯುವ ಬಿಲ್ಲೆಗಳನ್ನು) ಇರಿಸಲಾಗಿದ್ದ ಏಳು ಮಂದಿ, ಅಂಗಾಂಗ ಆಡಿಸುವುದನ್ನು ಬರಿದೇ ಕಲ್ಪಿಸಿಕೊಂಡು ಕರ್ಸರನ್ನು ಗುರಿಯತ್ತ ಸರಿಸುತ್ತಿದ್ದರು. ಮೊದಮೊದಲು ಹಣೆಯ ಹಿಂದಿನ ಭಾಗವೂ ಸೇರಿದಂತೆ ಹಲವು ಕಡೆ ಮಿದುಳು ಬಿರುಸಾಗಿ ದುಡಿಯುತ್ತಿತ್ತು. ಆಟ ಕೈವಶವಾಗುತ್ತ ಬಂದಂತೆ ಆ ಭಾಗಗಳ ಚಟುವಟಿಕೆ ತಗ್ಗಿತು. ಅದೇ ವಿಶ್ವವಿದ್ಯಾಲಯದ 2010ರ ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತಲೂ ಕುತೂಹಲಕಾರಿಯಾಗಿ ಕಂಡಿದೆ. ಚಲನೆಯನ್ನು ಸುಮ್ಮನೆ ಕಲ್ಪಿಸಿಕೊಂಡಾಗ ಮಿದುಳಿನ ಸಂಕೇತ ನಿಜವಾದ ಚಲನೆಯ ಸುಮಾರು ಕಾಲು ಭಾಗದಷ್ಟಿರುತ್ತಿತ್ತು; ಆದರೆ ತಮ್ಮ ಕಲ್ಪನೆಗೆ ತಕ್ಕಂತೆ ಕರ್ಸರ್ ಸರಿಯುವುದನ್ನು ಕಣ್ಣಾರೆ ಕಾಣುತ್ತ ಆಡಿದಾಗ ಅದು ಬೆಳೆದು, ನಿಜವಾದ ಚಲನೆಯ ಸಂಕೇತವನ್ನೂ ಮೀರಿಸುತ್ತಿತ್ತು.

ಉತ್ತರ (ಸಂಪಿಗೆ):
ಮೇಲಿನ ಪ್ರಯೋಗಗಳೆಲ್ಲ ತಲೆಬುರುಡೆಯ ಒಳಗಿನ ಎಲೆಕ್ಟ್ರೋಡ್‌ಗಳಿಂದ ನಡೆದವು. ಅಂಗಡಿಯ ಪಟ್ಟಿಯ ಕಥೆಯೇ ಬೇರೆ. ನೆತ್ತಿಯ ಚರ್ಮದ ಮೇಲೆ ಸಿಗುವ ಮಿದುಳಿನ ಸಂಕೇತ ಹತ್ತಾರು ಮೈಕ್ರೋವೋಲ್ಟ್‌ಗಳಷ್ಟೇ (ಒಂದು ಮೈಕ್ರೋವೋಲ್ಟ್ ಎಂದರೆ ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲು) ಇದ್ದು, ಹುಬ್ಬು ಗಂಟಿಕ್ಕಿದರೆ, ಹಲ್ಲು ಕಚ್ಚಿದರೆ, ಕಣ್ಣು ಮಿಟುಕಿಸಿದರೆ ಸ್ನಾಯುಗಳ ಇಲ್ಲವೇ ಕಣ್ಣಿನ ವಿದ್ಯುತ್ತು ಅದನ್ನು ಮುಳುಗಿಸಿಬಿಡುತ್ತದೆ. ಹಣೆಯ ಮೇಲೆ ಒಂದೇ ಎಲೆಕ್ಟ್ರೋಡ್ ಇರುವ ಆಟಿಕೆಯಲ್ಲಿ ಗೆಲ್ಲುತ್ತಿರುವುದು ಏಕಾಗ್ರತೆಯೋ ಹುಬ್ಬೋ ಎಂದು ಹೇಳುವುದು ಕಷ್ಟ.

ಏಕಾಗ್ರತೆಯ ವಿಷಯಕ್ಕೆ ಬಂದರೆ, ಸಿಂಗಪುರದಲ್ಲಿ ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ಸಮಸ್ಯೆ) ಇರುವ 172 ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎಂಟು ವಾರ ಇಂಥ ಆಟ ಆಡಿದವರಲ್ಲಿ, ಸರದಿಗಾಗಿ ಕಾದಿದ್ದವರಿಗಿಂತ ಹೆಚ್ಚು ಸುಧಾರಣೆ ಕಂಡಿತು. ಆದರೆ ಕಾಯುತ್ತಿರುವ ಮಗುವಿಗೆ ತಾನು ಕಾಯುತ್ತಿದ್ದೇನೆಂದು ಗೊತ್ತಿರುತ್ತದಲ್ಲ! ಅಮೆರಿಕದಲ್ಲಿ 144 ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ನ್ಯೂರೋಫೀಡ್‌ಬ್ಯಾಕ್ (ಮಿದುಳಿನ ಸಂಕೇತವನ್ನು ಆಗಿಂದಾಗಲೇ ತೋರಿಸುತ್ತ ಅದನ್ನು ಬದಲಿಸಲು ಕಲಿಸುವ ತರಬೇತಿ) ಪ್ರಯೋಗದಲ್ಲಿ, ಒಂದು ಗುಂಪಿಗೆ ಯಾರಿಗೂ ತಿಳಿಯದಂತೆ ನಕಲಿ ತರಬೇತಿ ಕೊಡಲಾಗಿತ್ತು. ಎರಡೂ ಗುಂಪುಗಳು ಹೆಚ್ಚುಕಡಿಮೆ ಸಮಾನವಾಗಿಯೇ ಸುಧಾರಿಸಿದವು. ಹೀಗಾಗಿ ಜಾಹೀರಾತಿನ ಮಾತನ್ನು ನಾನಂತೂ ಒಪ್ಪಲಾರೆ. ಮಗಳಿಗೆ ಆಟವಾಗಿ ಇಷ್ಟವಾದರೆ ಕೊಡಿಸಬಹುದು.

ಉತ್ತರ (ಹಳೇಪೇಟೆ):
ಒಂದು ಎಚ್ಚರಿಕೆ ಸೇರಿಸುತ್ತೇನೆ. ಕೆಲವು ಆಟಗಳು ಏಕಾಗ್ರತೆಯನ್ನು ಅಳೆಯದೆ, ಬೇರೆ ಬೇರೆ ವೇಗದಲ್ಲಿ ಮಿಣುಕುವ ಚೌಕಗಳನ್ನು ತೋರಿಸಿ, ಆಟಗಾರರು ಯಾವುದನ್ನು ದಿಟ್ಟಿಸುತ್ತಿದ್ದಾರೆಂಬುದನ್ನು ಮಿದುಳಿನ ಹಿಂಭಾಗದ ಸಂಕೇತದಿಂದ ಗುರುತಿಸುತ್ತವೆ. ಬೆಳಕಿನ ಮಿಣುಕಿಗೆ ಅಪಸ್ಮಾರ ಬರುವವರಿಗೆ ಇದು ಅಪಾಯಕಾರಿ. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಟಿವಿ ಕಾರ್ಟೂನೊಂದರ ಕೆಂಪು-ನೀಲಿ ಮಿಣುಕು ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ಮಗಳಿಗಾಗಲಿ ಮನೆತನದಲ್ಲಿ ಯಾರಿಗಾದರೂ ಆಗಲಿ ಅಪಸ್ಮಾರ ಇದ್ದರೆ, ಆ ಬಗೆಯ ಆಟ ಕೊಳ್ಳುವ ಮೊದಲು ನರರೋಗ ತಜ್ಞರನ್ನು ಕೇಳಿ.