ತ್ರೀ ನಾಟ್ ತ್ರೀ ಬಟ್ ಮೇಲಿನ ಮುದ್ರೆ ಅಸಲಿಯೋ ನಕಲಿಯೋ? ಸ್ವಲ್ಪ ನೋಡಿ ಹೇಳಿ

ಮಂಡಿಪೇಟೆ ಹುಡುಗ (ದಾವಣಗೆರೆ):
ಎಲ್ಲರಿಗೂ ನಮಸ್ಕಾರ. ಹಳೇ ಮಿಲಿಟರಿ ಸಾಮಾನು ಕೂಡಿಡುವ ಹುಚ್ಚು ನನಗೆ. ಇಷ್ಟು ದಿನ ಬೆಲ್ಟ್ ಬಕಲ್, ನೀರಿನ ಬಾಟಲಿ, ಟೋಪಿ ಬಿಲ್ಲೆ ಅಷ್ಟೇ ಇದ್ದವು. ಕಳೆದ ವಾರ ಹಳೇ ಸಾಮಾನಿನ ವ್ಯಾಪಾರಿಯೊಬ್ಬರ ಹತ್ತಿರ ತ್ರೀ ನಾಟ್ ತ್ರೀ ರೈಫಲ್‌ನ ಬಟ್ ತಗೊಂಡೆ, ಅದೇ ಹೆಗಲಿಗೆ ಆನಿಸುವ ಹಿಂಭಾಗ. ಬರೀ ಮರದ ಬಟ್. ನಳಿಕೆ, ಬೋಲ್ಟ್ ಏನೂ ಇಲ್ಲ. ಹಿಂದೆ ಹಿತ್ತಾಳೆ ತಟ್ಟೆ ಇದೆ. ಆರೂವರೆ ಸಾವಿರ ಕೊಟ್ಟೆ. "ಮುದ್ರೆ ಇರೋದಕ್ಕೇ ಈ ರೇಟು, ಬೋಳು ಬಟ್ ಆದ್ರೆ ಎರಡು ಸಾವಿರ" ಅಂದರು.

ಬಲಗಡೆ ಒಂದೇ ಸಾಲಿನಲ್ಲಿ ನಾಲ್ಕು ಗುರುತು ಇವೆ. ಮೊದಲು 'ಎಸ್‌ಎಲ್‌ಎಜೆಡ್ 42'. ಆಮೇಲೆ ಎರಡು 'ಡಿ' ನಡುವೆ ಒಂದು ಬಾಣ. ಆಮೇಲೆ ಬಾಣದ ಕೆಳಗೆ 'ಐ'. ಕೊನೆಗೆ ಕಿರೀಟ ಮತ್ತು 'ಜಿಆರ್‌ಐ', ಅಂದರೆ ಬ್ರಿಟಿಷ್ ದೊರೆ ಜಾರ್ಜ್‌ನ ಮೊಹರು. ಆಸ್ಟ್ರೇಲಿಯಾದಲ್ಲಿ ತಯಾರಾಗಿ, ಇಂಡಿಯಾಕ್ಕೆ ಬಂದು, ಬಂಗಾಳದ ಇಶಾಪುರ ಬಂದೂಕು ಕಾರ್ಖಾನೆಯಲ್ಲಿ ರಿಪೇರಿ ಆದದ್ದು ಅಂತ ಅವರ ಕಥೆ.

ಮನೆಗೆ ತಂದು ನೋಡಿದರೆ ಯಾಕೋ ಅನುಮಾನ. ಮರ ಅಷ್ಟು ಸವೆದಿದೆ, ಅಕ್ಷರ ಮಾತ್ರ ಮೊನ್ನೆ ಹೊಡೆದ ಹಾಗಿವೆ. ಭಾನುವಾರದೊಳಗೆ ತಂದರೆ ವಾಪಸ್ ತಗೊಳ್ತೀನಿ ಅಂದಿದ್ದಾರೆ. ಏನು ಮಾಡಲಿ?

ದುರ್ಗದ ಕಲ್ಲು (ಚಿತ್ರದುರ್ಗ):
ತಮ್ಮಾ, ಕಥೆ ಪೂರ್ತಿ ಸುಳ್ಳೇನಲ್ಲ, ಅದೇ ತಲೆನೋವು. ಎರಡನೇ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ ಲಿಥ್ಗೋ ಕಾರ್ಖಾನೆಯ ರೈಫಲ್‌ಗಳು ಇಂಡಿಯಾಕ್ಕೆ ಬಂದದ್ದು ನಿಜ. ಅವಕ್ಕೆ ಮರದ ಭಾಗ ಮಾಡಿಕೊಟ್ಟವರಲ್ಲಿ ಸ್ಲಾಜೆಂಜರ್ ಕಂಪನಿಯೂ ಒಂದು. ಹೌದು, ಟೆನಿಸ್ ಬ್ಯಾಟ್ ಮಾಡುವ ಅದೇ ಸ್ಲಾಜೆಂಜರ್. ಎಸ್‌ಎಲ್‌ಎಜೆಡ್ ಅಂದರೆ ಅವರೇ. ಎರಡು ಡಿ ನಡುವೆ ಬಾಣ ಇದ್ದರೆ ಆಸ್ಟ್ರೇಲಿಯಾ ರಕ್ಷಣಾ ಇಲಾಖೆ. ಬಾಣದ ಕೆಳಗೆ ಐ ಇದ್ದರೆ ಬ್ರಿಟಿಷ್ ಇಂಡಿಯಾ ಸರ್ಕಾರದ ಸೊತ್ತು. ಒಂದೊಂದೂ ನಿಜವಾದ ಗುರುತೇ. ನಕಲಿ ಮಾಡುವವನು ಗುರುತನ್ನು ಸುಮ್ನೆ ಹುಟ್ಟಿಸೋದಿಲ್ಲ, ನಿಜವಾದದ್ದನ್ನೇ ತಂದು ತಪ್ಪು ಜಾಗದಲ್ಲಿ ಕೂರಿಸುತ್ತಾನೆ.

ನಿನ್ನ ಬಟ್‌ನಲ್ಲಿ ನನಗೆ ಮೊದಲು ಚುಚ್ಚಿದ್ದು ಕಿರೀಟ ಮತ್ತು ಜಿಆರ್‌ಐ. ಇಶಾಪುರದವರು ಕಿರೀಟ, ಜಿಆರ್‌ಐ, ಊರ ಹೆಸರು, ವರ್ಷ ಎಲ್ಲ ಹೊಡೆಯುತ್ತಿದ್ದದ್ದು ಕಬ್ಬಿಣದ ಮೇಲೆ. ಬಟ್ ಸಿಕ್ಕಿಕೊಳ್ಳುವ ಸಾಕೆಟ್ ಇರುತ್ತಲ್ಲ, ಅದರ ಬಲಗಡೆ. ಅದನ್ನು ಮರದ ಮೇಲೆ ಯಾಕೆ ಹೊಡೆದರು? ಯಾಕೆಂದರೆ ಮಾರಲು ಇದ್ದದ್ದು ಮರ ಮಾತ್ರ.

ಎರಡನೆಯದು ಆ ಸಾಲು. ಆಸ್ಟ್ರೇಲಿಯಾದಲ್ಲಿ 42ರಲ್ಲಿ ಒಬ್ಬ ಹೊಡೆದ, ಇನ್ನೆಲ್ಲೋ ಇನ್ಯಾವಾಗಲೋ ಇನ್ನೊಬ್ಬ ಹೊಡೆದ. ಬೇರೆ ಕೈ, ಬೇರೆ ಡೈ (ಮುದ್ರೆಯ ಅಚ್ಚು), ಬೇರೆ ಸುತ್ತಿಗೆ. ಆದರೂ ನಾಲ್ಕೂ ಪರೇಡ್‌ನಲ್ಲಿ ನಿಂತ ಹಾಗೆ ನೆಟ್ಟಗೆ ನಿಂತಿವೆ ಅಂದರೆ ಹೇಗೆ?

ಇವತ್ತು ರಾತ್ರಿ ಒಂದು ಕೆಲಸ ಮಾಡು. ರೂಮಿನ ಲೈಟ್ ಆರಿಸು. ಮೊಬೈಲ್ ಟಾರ್ಚನ್ನು ಮೇಲಿಂದ ಹಿಡಿಯಬೇಡ. ಬಟ್‌ನ ಪಕ್ಕದಲ್ಲೇ ಇಟ್ಟು, ಬೆಳಕು ಮರದ ಮೈ ಸವರಿಕೊಂಡು ಹೋಗುವ ಹಾಗೆ ಹಿಡಿ. ಭೂತಗನ್ನಡಿ ಇದ್ದರೆ ಒಳ್ಳೇದು. ಅಕ್ಷರದ ಮೇಲೆ ಹಾದುಹೋಗುವ ಹಳೇ ಗೀರು ಹುಡುಕು. ಗೀರು ಅಕ್ಷರದ ಅಂಚನ್ನು ಕೆಡಿಸಿಕೊಂಡು ಹೋಗಿದ್ದರೆ ಅಕ್ಷರ ಮೊದಲು, ಗೀರು ಆಮೇಲೆ. ಅಕ್ಷರವೇ ಗೀರನ್ನು ತುಳಿದು ಕೂತಿದ್ದರೆ ಗೀರು ಮೊದಲು, ಅಕ್ಷರ ಆಮೇಲೆ. ಯಾರು ಮೊದಲು ಬಂದರು ಅನ್ನೋದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಹರಿಹರ ಲೇತ್:
ನಾನು ಬಂದೂಕಿನವನಲ್ಲ, ಹರಿಹರದಲ್ಲಿ ಟೂಲ್ ರೂಮಿನಲ್ಲಿ ಇದ್ದವನು. ಪಂಚ್ (ಅಕ್ಷರ ಒತ್ತುವ ಉಕ್ಕಿನ ಅಚ್ಚು) ಹೊಡೆದೇ ಕೈ ಸವೆದಿದೆ. ಅದರ ಬಗ್ಗೆ ಮಾತ್ರ ಹೇಳುತ್ತೇನೆ.

ಬಟ್‌ನ ಮೈ ಉಬ್ಬು. ಚಪ್ಪಟೆ ಡೈ ಇಟ್ಟು ಒಂದೇ ಏಟು ಹೊಡೆದರೆ ನಡುವಿನ ಅಕ್ಷರ ಆಳಕ್ಕೆ ಇಳಿಯುತ್ತದೆ, ಆಚೆ ಈಚೆಯವು ತೇಲಿಹೋಗುತ್ತವೆ. ಎಲ್ಲ ಅಕ್ಷರವೂ ಒಂದೇ ಆಳ ಇದ್ದರೆ ಅದು ಬಿಡಿ ಪಂಚ್‌ನಲ್ಲಿ ಒಂದೊಂದೇ ಹೊಡೆದದ್ದು, ಇಲ್ಲಾ ಮಷೀನ್‌ನಲ್ಲಿ ಕೊರೆದದ್ದು. ಬಿಡಿ ಪಂಚ್ ಆದರೆ ಒಂದಾದರೂ ಅಕ್ಷರ ವಾಲಿರುತ್ತದೆ, ನಡುವಿನ ಜಾಗ ಹೆಚ್ಚುಕಮ್ಮಿ ಇರುತ್ತದೆ.

ಇನ್ನೊಂದು. ಪಂಚ್ ಮರವನ್ನು ಅದುಮುತ್ತದೆ, ಕತ್ತರಿಸೋದಿಲ್ಲ. ಮರದ ಗೆರೆ ಅಕ್ಷರದ ತಳದಲ್ಲೂ ಬಗ್ಗಿಕೊಂಡು ಮುಂದುವರಿಯುತ್ತದೆ. ಕೊರೆದದ್ದಾದರೆ ಗೆರೆ ಅಂಚಿನಲ್ಲೇ ತುಂಡಾಗುತ್ತದೆ, ತಳ ಸಪಾಟು. ಲೇಸರ್ ಆದರೆ ಅಂಚು ಸುಟ್ಟ ಕಂದು.

ಬೆಣ್ಣೆದೋಸೆ ಪ್ರಿಯ:
ಇಲ್ಲೇ ಯಾರೋ ಆಚಾರ್ರು ಹೊನ್ನೆಯಲ್ಲಿ ಕೆತ್ತಿರಬಹುದು ಅಲ್ವಾ? ಒಳಗಿಂದ ಚೂರು ಹೊಟ್ಟು ಕೆರೆದು ನೀರಿಗೆ ಹಾಕಿ. ಸಕ್ಕರೆ ಕಾಯಿಲೆಯವರು ಹೊನ್ನೆ ಲೋಟದಲ್ಲಿ ನೀರು ಇಡ್ತಾರಲ್ಲ, ಆ ಬಣ್ಣ ಬಂದರೆ ಮುಗೀತು.

ಮಂಡಿಪೇಟೆ ಹುಡುಗ:
ಎಲ್ಲ ಮಾಡಿದೆ. ಒಂದೊಂದಾಗಿ ಹೇಳುತ್ತೇನೆ.

ಹೊನ್ನೆ ಅಲ್ಲ. ಹಿಂದಿನ ತಟ್ಟೆಯ ಎರಡು ಸ್ಕ್ರೂ ಬಿಚ್ಚಿ, ಒಳಗಿನ ತೂತಿನಿಂದ ಚೂರು ಹೊಟ್ಟು ಕೆರೆದು ಸ್ಟೀಲ್ ಲೋಟದಲ್ಲಿ ಹಾಕಿಟ್ಟೆ. ಬೆಳಿಗ್ಗೆ ನೀರು ಹಾಗೇ ಇತ್ತು. ಅಮ್ಮ ಗೊತ್ತಿಲ್ಲದೆ ಅದನ್ನು ತುಳಸಿಗೆ ಸುರಿದರು. ಆಮೇಲೆ ಅಕ್ಕ ಕಾಶ್ಮೀರದಿಂದ ತಂದಿದ್ದ ಅಕ್ರೋಟು ಮರದ ಒಡವೆ ಪೆಟ್ಟಿಗೆ ಪಕ್ಕ ಇಟ್ಟು ನೋಡಿದೆ. ತಟ್ಟೆ ಬಿಚ್ಚಿದ ಕಡೆ ಅದೇ ಕಂದು, ಅದೇ ಸಣ್ಣ ಕಪ್ಪು ಗೆರೆ.

ಟಾರ್ಚ್ ಹಿಡಿದಾಗ ಎದೆ ಧಸಕ್ ಅಂತು. ಬಟ್ ಮೇಲೆ ಉದ್ದಕ್ಕೆ ಒಂದು ಹಳೇ ಗೀರು ಇದೆ, ಒಳಗೆಲ್ಲ ಎಣ್ಣೆ ಕೂತು ಕಪ್ಪಾಗಿದೆ. ಅದು 'ಜೆಡ್' ಹತ್ತಿರ ಬಂದು ನಿಲ್ಲುತ್ತದೆ. ಜೆಡ್ ಆಚೆ ಮತ್ತೆ ಶುರುವಾಗುತ್ತದೆ. ಅಂದರೆ ಜೆಡ್ ಗೀರನ್ನು ತುಳಿದಿದೆ. ಅಕ್ಷರದೊಳಗಿನ ಕಪ್ಪನ್ನು ಬಿಳಿ ಬನಿಯನ್ ಬಟ್ಟೆಯಲ್ಲಿ ಒತ್ತಿ ಉಜ್ಜಿದೆ. ಬಟ್ಟೆಗೆ ಹತ್ತಿತು, ಬೂಟ್ ಪಾಲಿಶ್ ವಾಸನೆ. ಗೀರಿನ ಕಪ್ಪು ಮಾತ್ರ ಅಲ್ಲಾಡಲಿಲ್ಲ. ಲೇತ್ ಸರ್ ಹೇಳಿದ ಹಾಗೆ 'ಎ' ಸ್ವಲ್ಪ ವಾಲಿದೆ. '4' ಬೇರೆ ಸೆಟ್‌ನದು ಅನ್ನಿಸುತ್ತೆ.

ಇನ್ನೊಂದು ವಿಚಿತ್ರ. ಹಿತ್ತಾಳೆ ತಟ್ಟೆ ವಾಪಸ್ ಕೂರಿಸಿ ಅಂಚಿನಲ್ಲಿ ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ಮರಕ್ಕಿಂತ ತಟ್ಟೆಯೇ ಎತ್ತರ. ಇದು ಸರಿನಾ?

ದುರ್ಗದ ಕಲ್ಲು:
ಸರಿಯಲ್ಲ. ಮಿಲಿಟರಿ ಬಟ್‌ನಲ್ಲಿ ಮರ ತಟ್ಟೆಗಿಂತ ಕೂದಲೆಳೆಯಷ್ಟು ಎತ್ತರ ಇರುತ್ತದೆ. ತಟ್ಟೆಯ ಅಂಚು ಉಗುರಿಗೆ ಸಿಕ್ಕಿತು ಅಂದರೆ ಯಾರೋ ಉಪ್ಪುಕಾಗದ ಹಾಕಿ ಉಜ್ಜಿದ್ದಾರೆ. ಅಷ್ಟು ಉಜ್ಜಿದ ಮೇಲೆ ಹಳೇ ಮುದ್ರೆ ಮಸುಕಾಗಬೇಕು ತಾನೇ? ಉಜ್ಜಿದ ಮರದ ಮೇಲೆ ಗರಿಗರಿ ಮುದ್ರೆ ಅಂದರೆ ಉಜ್ಜಿದ ಮೇಲೆ ಹೊಡೆದದ್ದು. ಅಲ್ಲದೆ ಸ್ಲಾಜೆಂಜರ್ ಮರ ಸಾಮಾನ್ಯವಾಗಿ ಆಸ್ಟ್ರೇಲಿಯಾದ್ದೇ, ಕ್ವೀನ್ಸ್‌ಲ್ಯಾಂಡ್ ಮೇಪಲ್ ಅಥವಾ ಕೋಚ್‌ವುಡ್. ನಿನ್ನದು ಅಕ್ರೋಟು. ನಾಲ್ಕು ಮುದ್ರೆಯೂ ನಕಲಿ, ಇನ್ನು ಯೋಚನೆ ಬೇಡ.

ಬೇಜಾರಾಗಬೇಡ. ನಾನು ಇದಕ್ಕಿಂತ ದೊಡ್ಡ ಟೋಪಿ ಹಾಕಿಸಿಕೊಂಡವನು. ಬಟ್‌ನ ಬಲಗಡೆ ಹಿತ್ತಾಳೆ ಬಿಲ್ಲೆ ಕೂರಿಸುವ ಪದ್ಧತಿ ಇತ್ತು, ಮೊದಲ ಮಹಾಯುದ್ಧದ ನಡುವೆ ಖರ್ಚು ಉಳಿಸಲು ಕೈಬಿಟ್ಟರು. ನನಗೆ ಒಬ್ಬ 'ಮೈಸೂರು ಲ್ಯಾನ್ಸರ್ಸ್, ಹೈಫಾ, 1918' ಅಂತ ಚಂದವಾಗಿ ಕೆತ್ತಿದ ಬಿಲ್ಲೆ ಮಾರಿದ. ನಮ್ಮ ಮೈಸೂರಿನವರು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕುದುರೆ ಮೇಲೆ ನುಗ್ಗಿದ್ದು ನೆನೆದು ಕಣ್ಣು ಮುಚ್ಚಿ ದುಡ್ಡು ಕೊಟ್ಟೆ. ಬಿಲ್ಲೆ ಮೇಲೆ ಬರೆಯುತ್ತಿದ್ದದ್ದು ರೆಜಿಮೆಂಟಿನ ಮೊಟಕು ಹೆಸರು, ಕೊಟ್ಟ ತಿಂಗಳು-ವರ್ಷ, ರೈಫಲ್ ನಂಬರ್, ಅಷ್ಟೇ. ಅದು ಲೆಕ್ಕದ ಚೀಟಿ ಇದ್ದ ಹಾಗೆ. ಲೆಕ್ಕದ ಚೀಟಿಯಲ್ಲಿ ಯಾರಾದರೂ ಯುದ್ಧದ ಹೆಸರು ಬರೆಯುತ್ತಾರಾ? ಈಗಲೂ ಮೇಜಿನ ಮೇಲೆ ಇದೆ, ಪೇಪರ್ ಹಾರದ ಹಾಗೆ ಇಡಲು.

ಈಗ ಬಟ್‌ನ ಬೆನ್ನು ನೋಡು. ಮೇಲುಗಡೆ, ತಟ್ಟೆಯ ನಾಲಿಗೆ (ಬಟ್‌ನ ಬೆನ್ನ ಮೇಲೆ ಬಾಗಿದ ತುದಿ) ಮುಗಿಯುವ ಜಾಗದಿಂದ ಒಂದಿಂಚು ಮುಂದೆ. ಅಲ್ಲಿ ಏನಾದರೂ ಇದೆಯಾ?

ಮಂಡಿಪೇಟೆ ಹುಡುಗ:
ಇದೆ ಅಣ್ಣಾ! ಇಷ್ಟು ದಿನ ಕೊಳೆ ಅಂದುಕೊಂಡಿದ್ದೆ. ಟಾರ್ಚ್ ಅಡ್ಡ ಹಿಡಿದರೆ ಮಾತ್ರ ಕಾಣುತ್ತೆ. 'ಎಸ್'. ಮೇಲಿನ ಅರ್ಧ ಸವೆದು ಹೋಗಿದೆ. ಉಜ್ಜಿದರೂ ಬಟ್ಟೆಗೆ ಏನೂ ಹತ್ತಲಿಲ್ಲ.

ದುರ್ಗದ ಕಲ್ಲು:
ಅದು ಅಸಲಿ. ಎಸ್ ಅಂದರೆ ಶಾರ್ಟ್. ಕೈ ಚಿಕ್ಕದಿದ್ದವರಿಗೆ ಮಾಮೂಲಿಗಿಂತ ಅರ್ಧ ಇಂಚು ಗಿಡ್ಡ ಬಟ್. ಎಲ್ ಅಂದರೆ ಅರ್ಧ ಇಂಚು ಉದ್ದ, ಬಿ ಅಂದರೆ ಬ್ಯಾಂಟಮ್, ಒಂದಿಂಚು ಗಿಡ್ಡ. ನಕಲಿಯವನಿಗೆ ಇದು ಕಂಡೇ ಇಲ್ಲ, ಕಂಡಿದ್ದರೂ ಅದಕ್ಕೆ ರೇಟಿಲ್ಲ. ಮರ ನಿಜವಾಗಿ ಮಿಲಿಟರಿಯದೇ. ಮೈ ಮೇಲಿನ ಹಚ್ಚೆ ಮಾತ್ರ ಹೊಸದು.

ಒಂದು ಎಚ್ಚರಿಕೆ. ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿದರೆ ತಗ್ಗು ಮೇಲೆ ಬರುತ್ತೆ ಅಂತ ಯಾರಾದರೂ ಹೇಳಿಯಾರು. ಬರುತ್ತೆ, ನಿಜ. ಜೊತೆಗೆ ಆ ಎಸ್ ಕೂಡ ಎದ್ದು ಮಾಯವಾಗುತ್ತದೆ. ಕೈ ಹಚ್ಚಬೇಡ.

ಮತ್ತೆ, ತ್ರೀ ನಾಟ್ ತ್ರೀ ನಮ್ಮಲ್ಲಿ ನಿಷೇಧಿತ ಬೋರ್ (ನಳಿಕೆಯ ಅಳತೆ). 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಿಡಿ ಭಾಗವೂ ಆಯುಧದ ಲೆಕ್ಕ. ಬೇರೆ ಭಾಗದ ಜೊತೆ ಬಳಸುವ ಉದ್ದೇಶ ಇಲ್ಲದ ಸಣ್ಣಪುಟ್ಟ ಭಾಗಕ್ಕೆ 45ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. ಆದರೂ ರಸೀದಿ ಇಟ್ಟುಕೊಂಡು ಡಿಸಿ ಆಫೀಸಿನಲ್ಲಿ ಒಂದು ಮಾತು ಕೇಳಿಬಿಡು. ನಳಿಕೆ, ಬೋಲ್ಟ್ ಕೊಡ್ತೀನಿ ಅಂತ ಯಾರಾದರೂ ಬಂದರೆ ಅವರ ನಂಬರೂ ಇಟ್ಟುಕೊಳ್ಳಬೇಡ.

ಮಂಡಿಪೇಟೆ ಹುಡುಗ:
ಭಾನುವಾರ ಹೋಗಿ ಬಂದೆ. ಜಗಳ ಆಡಲಿಲ್ಲ. ಅಂಗಡಿಯ ಲೈಟ್ ಆರಿಸಿ ಟಾರ್ಚ್ ಹಿಡಿದು ಜೆಡ್ ತೋರಿಸಿದೆ. ಅವರು ಸುಮಾರು ಹೊತ್ತು ನೋಡಿ "ನಂಗೂ ಹಿಂಗೇ ಬಂದಿತ್ತು ಕಣಪ್ಪ" ಅಂದರು. ನಿಜವೋ ಸುಳ್ಳೋ ದೇವರಿಗೇ ಗೊತ್ತು. ಬೋಳು ಬಟ್ ಲೆಕ್ಕದಲ್ಲಿ ಎರಡು ಸಾವಿರ ಇಟ್ಟುಕೊಂಡು ಉಳಿದದ್ದು ವಾಪಸ್ ಕೊಟ್ಟರು. ಬಟ್ ನನ್ನ ಹತ್ತಿರವೇ ಇದೆ.

ಕೊನೇ ಪ್ರಶ್ನೆ. ಹಿತ್ತಾಳೆ ತಟ್ಟೆಗೆ ಹುಣಸೆಹಣ್ಣು ಹಚ್ಚಿ ಬೆಳಗುತ್ತೇನೆ ಅಂತ ಅಮ್ಮ ಕೂತಿದ್ದಾರೆ. ಬೆಳಗಬಹುದಾ?

ದುರ್ಗದ ಕಲ್ಲು:
ಬೇಡ ಮಾರಾಯ! ಮೊದಲು ಅಮ್ಮನ ಕೈಯಿಂದ ಅದನ್ನು ಇಸ್ಕೋ!