ಅಪ್‌ಡೇಟ್: ಹೇರ್ ಎಕ್ಸ್‌ಟೆನ್ಷನ್ (ಉದ್ದ ಕಾಣೋಕೆ ಸೇರಿಸೋ ಕೂದಲು) ಹಾಕಿದ್ರೆ ಇರೋ ಕೂದಲು ಉಳಿಯುತ್ತಾ ಅಂತ ಕೇಳಿದ್ದೆ

ತಂಗಿ ಮದುವೆಗೆ ಉದ್ದ ಜಡೆ ಬೇಕು, ಇರೋ ಕೂದಲೂ ಹಾಳಾಗಬಾರದು ಅಂತ ನಾಲ್ಕು ತಿಂಗಳ ಹಿಂದೆ ಕೇಳಿದ್ದೆನಲ್ಲ, ಹಾಸನದವಳು. ಟೇಪಲ್ಲಿ ಅಂಟಿಸೋ ಎಕ್ಸ್‌ಟೆನ್ಷನ್ ಬಿಟ್ಟು ಕ್ಲಿಪ್ ಹಾಕಿ ತೆಗೆಯೋದೇ ತಗೊಂಡೆ. ಮೊದಲ ವಾರ ದಿನಾ ಒಂದೇ ಜಾಗಕ್ಕೆ ಬಿಗಿದೆ, ನನ್ನದೇ ತಪ್ಪು. ಕಿವಿ ಮೇಲೆ ಬುಡವೆಲ್ಲ ಕೆಂಪಾಗಿ ಸಣ್ಣ ಗುಳ್ಳೆ, ಬಾಚಣಿಗೆ ತಾಗಿದ್ರೂ ಉರಿ. ಎಳೆತ ಹೀಗೇ ವರ್ಷಗಟ್ಟಲೆ ಆದ್ರೆ ಅಲ್ಲಿ ಕೂದಲು ಮತ್ತೆ ಬರದೇ ಹೋಗಬಹುದು ಅಂದ್ರು ಚರ್ಮದ ಡಾಕ್ಟರು.

ಅವತ್ತಿಂದ ಹೊರಗೆ ಹೋಗುವಾಗ ಮಾತ್ರ, ಪ್ರತಿಸಲ ಒಂದು ಬೆರಳು ಜಾಗ ಬದಲಿಸಿ. ರಾತ್ರಿ ಪೂರ್ತಿ ತೆಗೆದು ಸಡಿಲ ಜಡೆ. ಅಜ್ಜಿ ನಕ್ಕರು: "ನಮ್ ಚೌರೀನೂ ರಾತ್ರಿ ಬಿಚ್ಚಿ ಗೂಟಕ್ಕೆ ಹಾಕ್ತಿದ್ವಿ ಕಣೇ."

ತಿಂಗಳಿಗೆ ಬೆಳೆಯೋದೇ ಸುಮಾರು 1 ಸೆಂ.ಮೀ. ಈಗ ಕಿವಿ ಮೇಲೆ ಮರಿಗೂದಲು ಬೆರಳಿಗೆ ಸಿಗುತ್ತೆ. ಮದುವೆ ದಿನ ಮಲ್ಲಿಗೆ ಭಾರಕ್ಕೆ ಒಂದು ಕ್ಲಿಪ್ ಜಾರಿತು. ಅಮ್ಮ ಪಿನ್ನು ಚುಚ್ಚಿ ಮುಚ್ಚಿದ್ರು.