ಮೊಬೈಲಿನಲ್ಲೇ ತಂಬೂರಿ ನುಡಿಯುವಾಗ ಮಿರಜಿನಿಂದ ತರಿಸಬೇಕೇ?

ಉಣಕಲ್ ಕೆರೆ (ಪ್ರಶ್ನೆ)

ನಮಸ್ಕಾರ. ಮಗಳು ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದಾಳೆ. ಅವಳ ಶ್ರುತಿ ಕಪ್ಪು ನಾಲ್ಕು (ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆ). ಈವರೆಗಿನ ಅಭ್ಯಾಸವೆಲ್ಲ ನನ್ನ ಹಳೆಯ ಮೊಬೈಲಿನ ತಂಬೂರಿ ಆ್ಯಪ್ ಇಟ್ಟುಕೊಂಡೇ ನಡೆದಿದೆ. ಈಗ ಗುರುಗಳು ಖ್ಯಾಲ್ ಆರಂಭಿಸಿದ್ದಾರೆ. ಮನೆಗೆ ನಿಜವಾದ ತಂಬೂರಿ ತನ್ನಿ ಎನ್ನುತ್ತಾರೆ. ವಿಚಾರಿಸಿದರೆ ತಂಬೂರಿ ತಯಾರಿಕೆಗೆ ಹೆಸರಾದ ಮಿರಜಿನ ಒಳ್ಳೆಯ ವಾದ್ಯದ ಬೆಲೆ ನನ್ನ ತಿಂಗಳ ಸಂಬಳದ ಹತ್ತಿರ ಬರುತ್ತದೆ. ಆ್ಯಪ್‌ನಲ್ಲಿ ತಂತಿ ಹರಿಯುವುದಿಲ್ಲ, ಮಳೆಗಾಲಕ್ಕೆ ಶ್ರುತಿ ಕದಲುವುದಿಲ್ಲ. ಕಚೇರಿಗಳಲ್ಲಿ ಹೆಸರಾಂತ ಗಾಯಕರ ಪಕ್ಕದಲ್ಲೂ ಇಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ನೋಡುತ್ತೇನೆ. ಹಣ ಹೊಂದಿಸುತ್ತೇನೆ, ಅದರ ಚಿಂತೆ ಇಲ್ಲ. ಆದರೆ ಈ ವಾದ್ಯದಿಂದ ಮಗುವಿಗೆ ಹೆಚ್ಚಿಗೆ ಸಿಗುವುದೇನು ಎಂದು ತಿಳಿದವರು ಹೇಳಬೇಕು.

ಧ್ವನಿಪೆಟ್ಟಿಗೆ

ನಾನು ಬೆಂಗಳೂರಿನಲ್ಲಿ ಶಾಸ್ತ್ರೀಯ ಕಚೇರಿಗಳಿಗೆ ಧ್ವನಿವರ್ಧಕದ ವ್ಯವಸ್ಥೆ ಮಾಡುವವನು. ಯಂತ್ರವನ್ನು ಕೀಳಾಗಿ ಕಾಣಬೇಡಿ. ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್‌ನಾರಾಯಣ್ 1979ರ ಹೊತ್ತಿಗೆ ಇಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ್ದು ಇದೇ ಬೆಂಗಳೂರಿನಲ್ಲಿ. ಎರಡೂ ಕೈ ವಾದ್ಯದ ಮೇಲಿರುವ ಕೊಳಲು, ವಯೊಲಿನ್ ವಾದಕರಿಗೆ ಒಬ್ಬರೇ ಕುಳಿತು ಶ್ರುತಿಯೊಂದಿಗೆ ಅಭ್ಯಾಸ ಮಾಡುವುದು ಅದರಿಂದ ಎಷ್ಟು ಸಲೀಸಾಯಿತು!

ನಿಮ್ಮ ಮನೆಯ ತೊಂದರೆ ಇರುವುದು ಮೊಬೈಲಿನ ಸ್ಪೀಕರಿನಲ್ಲಿ. ಕಪ್ಪು ನಾಲ್ಕಕ್ಕೆ ಕೂಡಿಸಿದ ಖರ್ಜದ (ಕೆಳಗಿನ ಷಡ್ಜದ) ತಂತಿ ಸುಮಾರು 104 ಹರ್ಟ್ಜ್‌ನಲ್ಲಿ ನುಡಿಯುತ್ತದೆ. ಅಂಗೈಯಗಲದ ಫೋನಿನಿಂದ ಆ ತಗ್ಗಿನ ನಾದ ಹೊರಡುವುದೇ ಇಲ್ಲವೆನ್ನಬಹುದು. ಅದೇ ತಂತಿಯಿಂದ ಜೊತೆಗೇ ಹೊರಡುವ ಮೇಲಿನ ಸ್ವರಾಂಶಗಳಷ್ಟೇ (ಹಾರ್ಮೋನಿಕ್ಸ್) ಬರುತ್ತವೆ, ಉಳಿದದ್ದನ್ನು ಕಿವಿ ಊಹಿಸಿಕೊಳ್ಳುತ್ತದೆ. ಇಂದೇ ಅದನ್ನು ಒಳ್ಳೆಯ ಸ್ಪೀಕರಿಗೆ ಜೋಡಿಸಿ ಕೇಳಿ.

ವಾದ್ಯದ ವಿಷಯಕ್ಕೆ ಬಂದರೆ, 1921ರಲ್ಲಿ ಸಿ.ವಿ. ರಾಮನ್ ನಮ್ಮ ತಂತಿವಾದ್ಯಗಳ ಬಗ್ಗೆ ಬರೆದಾಗ ತಂಬೂರಿಯ ಕುದುರೆಯತ್ತ, ಅಂದರೆ ತಂತಿಗಳು ಹಾದುಹೋಗುವ ಸೇತುವೆಯತ್ತ, ಗಮನ ಸೆಳೆದಿದ್ದರು. ತಂತಿಯನ್ನು ಎಲ್ಲಿ ಮೀಟುತ್ತೇವೆ ಎಂಬುದರ ಮೇಲೆ ಕೆಲವು ಸ್ವರಾಂಶಗಳು ಕೇಳಿಸಲೇಬಾರದು. ಆದರೂ ಬಾಗಿದ ಕುದುರೆಯ ದೆಸೆಯಿಂದ ಅವೂ ಗಟ್ಟಿಯಾಗಿ ಕೇಳುತ್ತವೆ. ಖರ್ಜದಿಂದ ತಾನಾಗಿ ಹೊಮ್ಮುವ ಸ್ವಯಂಭೂ ಗಾಂಧಾರ ಐದನೆಯ ಸ್ವರಾಂಶ. ಕೀಬೋರ್ಡಿನ ಗಾಂಧಾರ ಅದಕ್ಕಿಂತ ಅರ್ಧಸ್ವರದ ನೂರರಲ್ಲಿ ಸುಮಾರು 14 ಪಾಲು ಮೇಲಿರುತ್ತದೆ. ಖ್ಯಾಲ್ ಹಾಡುವ ಹುಡುಗಿಯ ಕಿವಿಗೆ ಮೊದಲನೆಯದು ಬೀಳಬೇಕು. ನಿಜವಾದ ತಂಬೂರಿಯಿಂದ ಮುದ್ರಿಸಿದ ಒಳ್ಳೆಯ ಆ್ಯಪ್‌ಗಳಲ್ಲಿ, ಸ್ಪೀಕರ್ ಸರಿಯಿದ್ದರೆ, ಅದೂ ಕೇಳುತ್ತದೆ.

ಹಳೇ ತಂತಿ

ನಾನು ಧಾರವಾಡದಲ್ಲಿ ಕಲಿತವಳು, ಈಗ ಇಲ್ಲಿಯೇ ಕಲಿಸುತ್ತಿರುವವಳು. ಮೇಲಿನವರ ನಾದದ ಲೆಕ್ಕ ಸರಿಯಾಗಿದೆ. ನನ್ನ ಸಂಕಟ ಬೇರೆ. ಪೆಟ್ಟಿಗೆ ಬಂದ ಮೇಲೆ ಗಾಯಕರ ಹಿಂದೆ ಶಿಷ್ಯರು ಕೂರುತ್ತಿದ್ದ ಜಾಗ ಖಾಲಿಯಾಗುತ್ತಿದೆ.

ಆಗ ತಂಬೂರಿ ಹಿಡಿದು ಇಬ್ಬರು ಶಿಷ್ಯರು ಹಿಂದೆ ಕೂರುವುದು ಪದ್ಧತಿ. ನನ್ನ ಕಲಿಕೆಯ ದೊಡ್ಡ ಪಾಲು ಆಗಿದ್ದು ಅಲ್ಲಿ. ಗುರುಗಳು ಉಸಿರನ್ನು ಎಲ್ಲಿ ತೆಗೆದುಕೊಳ್ಳುತ್ತಾರೆ, ತಬಲಾದವರು ಲಯ ಏರಿಸಿದರೆ ಕೈಸನ್ನೆಯಲ್ಲಿ ಹೇಗೆ ತಡೆಯುತ್ತಾರೆ, ಗಂಟಲು ಕೆಟ್ಟ ದಿನ ತಾರ ಷಡ್ಜದ ಗೊಡವೆಗೆ ಹೋಗದೆ ರಾಗವನ್ನು ಹೇಗೆ ಬೆಳೆಸುತ್ತಾರೆ, ಇವನ್ನೆಲ್ಲ ಪಾಠದಲ್ಲಿ ಯಾರೂ ಹೇಳಿಕೊಡುವುದಿಲ್ಲ. ಬೆನ್ನ ಹಿಂದೆ ಕುಳಿತವರಿಗೆ ಮಾತ್ರ ಕಾಣುತ್ತದೆ. ನಡುವೆ ಅವರು ಕತ್ತನ್ನು ತುಸು ತಿರುಗಿಸಿದರೆ ಒಂದೆರಡು ಆಲಾಪ ನೀನು ತೆಗೆದುಕೋ ಎಂದರ್ಥ. ತುಂಬಿದ ಸಭೆಯ ಎದುರು ನಾನು ಮೊದಲು ಬಾಯಿ ತೆರೆದದ್ದು ಹಾಗೆ. ಗಂಗೂಬಾಯಿ ಹಾನಗಲ್ ಅವರ ಕಚೇರಿಗಳಲ್ಲಿ ಮಗಳು ಕೃಷ್ಣಾ ಹಾನಗಲ್ ದನಿಗೂಡಿಸುತ್ತಿದ್ದುದನ್ನು ನಮ್ಮ ಕಡೆಯ ಹಿರಿಯ ಕೇಳುಗರು ಇಂದಿಗೂ ನೆನೆಯುತ್ತಾರೆ.

ಈಗ ಸಂಘಟಕರು ಕರೆ ಮಾಡಿದರೆ 'ಪೆಟ್ಟಿಗೆ ತರುತ್ತೀರಲ್ಲ?' ಎಂದು ಮೊದಲೇ ಕೇಳುತ್ತಾರೆ. ಇಬ್ಬರ ಪ್ರಯಾಣ, ಊಟ, ವಸತಿ ಉಳಿಯಿತಲ್ಲ! ಇತ್ತೀಚೆಗೆ ಒಂದು ಉತ್ಸವದವರು ಶಿಷ್ಯೆಯನ್ನು ಕರೆತರಬೇಡಿ ಎಂದು ನೇರವಾಗಿಯೇ ಹೇಳಿದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಇನ್ನು ಶ್ರುತಿ ಕೂಡಿಸುವ ಮಾತು. ಆ್ಯಪ್‌ನ ಶ್ರುತಿ ಕದಲುವುದಿಲ್ಲ ಎಂದಿರಿ. ಕದಲಲಿ, ಅವಳು ಕೂಡಿಸಲಿ. ಜೋಡಿ ತಂತಿಗಳು ಒಂದರಲ್ಲೊಂದು ಕರಗುವವರೆಗೆ ಬಿರಡೆ ತಿರುಗಿಸಲಿ, ಮಣಿ ಸರಿಸಲಿ, ಕುದುರೆಯ ಮೇಲಿನ ಎಳೆ ದಾರವನ್ನು ಕೂದಲೆಳೆಯಷ್ಟು ಜರುಗಿಸಿ ಜವಾರಿ, ಅಂದರೆ ತಂತಿಯ ಝೇಂಕಾರ, ತೆರೆದುಕೊಳ್ಳುವುದನ್ನು ಕೇಳಲಿ. ಮಾಲಕಂಸ ರಾಗ ಹಾಡುವ ದಿನ ಮೊದಲ ತಂತಿಯನ್ನು ಪಂಚಮದಿಂದ ಮಧ್ಯಮಕ್ಕೆ ಇಳಿಸಬೇಕು, ಮಾರವಾ, ಪೂರಿಯಾಗಳಿಗೆ ನಿಷಾದಕ್ಕೆ ಕೂಡಿಸಬೇಕು. ಅದನ್ನು ತನ್ನ ಕೈಯಿಂದ ಮಾಡಿದ ಹುಡುಗಿಗೆ ಪಂಚಮವಿಲ್ಲದ ರಾಗದ ಸ್ವಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ್ಯಪ್‌ನಲ್ಲಿ ಬೆರಳು ಒತ್ತಿದರೆ ಆ ಕೆಲಸ ಮುಗಿದುಹೋಗುತ್ತದೆ, ಕಿವಿ ಏನನ್ನೂ ಮಾಡಿರುವುದಿಲ್ಲ.

ಆದ್ದರಿಂದ ತನ್ನಿ. ಹುಬ್ಬಳ್ಳಿಯಿಂದ ಮಿರಜಿಗೆ ನೇರ ರೈಲಿದೆ, ಮಗಳನ್ನೂ ಕರೆದುಕೊಂಡು ಹೋಗಿ. ಆಯುಧ ಮಾಡುತ್ತಿದ್ದ ಮನೆತನಗಳು ಹತ್ತೊಂಬತ್ತನೆಯ ಶತಮಾನದಲ್ಲಿ ವಾದ್ಯಗಳತ್ತ ತಿರುಗಿ ಬೆಳೆಸಿದ ಕಸುಬು ಅದು. ಬುರುಡೆಗೆ ಬೇಕಾದ ಸೋರೆ ಪಂಢರಪುರದ ಸೀಮೆಯಿಂದ ಬರುತ್ತದೆ. 2024ರಲ್ಲಿ ಅಲ್ಲಿನ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಮಾನ್ಯತೆ ಸಿಕ್ಕರೆ ಸಾಲದು, ಕೊಳ್ಳುವವರು ಬೇಕು.

ರೈನ್ ದಂಡೆ

ಅಕ್ಕಾ, ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ಆದರೂ ಒಂದು ಮಾತು ಹೇಳಲೇಬೇಕು. ನಾನಿರುವುದು ಜರ್ಮನಿಯಲ್ಲಿ, ಗುರುಗಳಿರುವುದು ಬೆಳಗಾವಿಯಲ್ಲಿ. ನೀವು ಹೇಳುವ ಆ ಹಿಂದಿನ ಜಾಗ ನನ್ನಂಥವರಿಗೆ ಎಂದೂ ಸಿಕ್ಕಿರಲಿಲ್ಲ. ಮೊಬೈಲ್ ಮತ್ತು ಪೆಟ್ಟಿಗೆ ಇಲ್ಲದಿದ್ದರೆ ನಾನು ಹಾಡುತ್ತಲೇ ಇರಲಿಲ್ಲ. ಗದಗಿನ ಬಾಲಕ ಭೀಮಸೇನ ಜೋಶಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟಿದ್ದು ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆಯನ್ನು ಕೇಳಿ. ಒಂದು ಮಗ್ಗುಲಿಗೆ ಮೂರು ನಿಮಿಷದ ಆಸುಪಾಸು ಹಿಡಿಯುತ್ತಿದ್ದ ಆ ತಟ್ಟೆಯೂ ಯಂತ್ರವೇ ಅಲ್ಲವೇ?

ಆನ್‌ಲೈನ್ ಪಾಠ ಹೇಳಿಸಿಕೊಳ್ಳುವವರು ಒಂದನ್ನು ಗಮನಿಸಿ. ವಿಡಿಯೋ ಕರೆಯ ತಂತ್ರಾಂಶ ತಂಬೂರಿಯ ನಾದವನ್ನು ಫ್ಯಾನಿನ ಸದ್ದಿನ ಹಾಗೆ ಹಿನ್ನೆಲೆ ಗದ್ದಲವೆಂದು ತಿಳಿದು ಅಳಿಸಿಬಿಡುತ್ತದೆ. ಸದ್ದು ಅಳಿಸುವ ಆಯ್ಕೆಯನ್ನು ನಿಲ್ಲಿಸಿಕೊಳ್ಳಿ.

ಹಳೇ ತಂತಿ

ನಿಜ, ತಟ್ಟೆ ಕೇಳಿಯೇ ಹೊರಟರು. ಅಲ್ಲಿ ಇಲ್ಲಿ ಅಲೆದು ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆ ಸೇರಿದರು. ಯಂತ್ರ ಗುರುವಿನ ಬಾಗಿಲವರೆಗೆ ಕರೆತಂದರೆ ಅದಕ್ಕೆ ಕೈಮುಗಿಯುತ್ತೇನೆ. ನೀವು ಈ ಕಡೆ ಬಂದಾಗ ತಿಳಿಸಿ. ನನ್ನ ಕಚೇರಿ ಇದ್ದರೆ ತಂಬೂರಿ ಹಿಡಿದು ನನ್ನ ಹಿಂದೆ ಕೂತುಕೊಳ್ಳಿ. ಪೆಟ್ಟಿಗೆ ಆ ದಿನ ಮನೆಯಲ್ಲಿರುತ್ತದೆ.

ಉಣಕಲ್ ಕೆರೆ

ಎಲ್ಲರಿಗೂ ಕೃತಜ್ಞತೆಗಳು. ರಾತ್ರಿ ಸ್ಪೀಕರಿಗೆ ಜೋಡಿಸಿ ಕೇಳಿದೆವು, ವ್ಯತ್ಯಾಸವನ್ನು ಮಗಳೇ ಮೊದಲು ಗುರುತಿಸಿದಳು. ಮಿರಜಿಗೆ ಹೋಗುವುದೆಂದು ತೀರ್ಮಾನಿಸಿದ್ದೇವೆ. ಅಲ್ಲಿ ಏನನ್ನು ನೋಡಿ ಆರಿಸಬೇಕು?

ಹಳೇ ತಂತಿ

ಹೆಣ್ಣುದನಿಯ ಅಳತೆಯದನ್ನು ಕೇಳಿ, ಗಂಡುದನಿಯದು ಅವಳಿಗೆ ದೊಡ್ಡದಾಗುತ್ತದೆ. ಕೆತ್ತನೆಗೆ, ಹೊಳಪಿಗೆ ಮರುಳಾಗಬೇಡಿ. ಕಪ್ಪು ನಾಲ್ಕಕ್ಕೆ ಕೂಡಿಸಿಕೊಡಿ ಎಂದು ಹೇಳಿ ಅರ್ಧ ಗಂಟೆ ಅವಳು ಅಲ್ಲಿಯೇ ಮೀಟುತ್ತ ಹಾಡಲಿ. ಅಷ್ಟರಲ್ಲಿ ಬಿರಡೆ ಜಾರಿ ಶ್ರುತಿ ಇಳಿಯುವ ವಾದ್ಯ ಬೇಡ. ಒಂದು ಜೊತೆ ತಂತಿಯನ್ನು ಹೆಚ್ಚಿಗೆ ತನ್ನಿ. ಬರುವಾಗ ಬುರುಡೆಯ ಸುತ್ತ ಹತ್ತಿಯ ರಜಾಯಿ ಸುತ್ತಿ ಮಡಿಲಲ್ಲಿ ಇಟ್ಟುಕೊಳ್ಳಿ, ಸೀಟಿನ ಕೆಳಗೆ ತಳ್ಳಬೇಡಿ.